ಶುಶ್ರೂಷೆಯ ದಾಖಲೆಯೂ ಯಂತ್ರಲಿಪಿಕಾರನೂ

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೂ ನಾಲ್ಕು ಗುಣಗಳನ್ನು ಎಣಿಸುತ್ತದೆ. ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ ಎಂಬವು ಪರಿಚಾರಕನವು. ಬರೆದಿಡುವುದು ಇವುಗಳಲ್ಲಿ ಸೇರಿಲ್ಲ. ಸ್ಮೃತಿಯೂ, ತನ್ನ ರೋಗವನ್ನು ತಿಳಿಯಹೇಳುವ ಶಕ್ತಿಯೂ ರೋಗಿಯ ಗುಣಗಳಲ್ಲಿ ಪಠಿತವಾಗಿವೆ. ತನ್ನ ವ್ಯಥೆಯನ್ನು ತಾನೇ ನೆನೆದು ಹೇಳಬಲ್ಲವನಿಗೆ ಈ ವ್ಯವಸ್ಥೆಯು ಸಾಕು; ಮರೆವು ಕವಿದ ವೃದ್ಧನಿಗೂ ಮಾತು ಬಿದ್ದುಹೋದವನಿಗೂ ಸಾಲದು. ಅಂಥವರ ಸ್ಮೃತಿಯ ಭಾರವು ಪರಿಚಾರಕರ ಮೇಲೆ ಬೀಳುತ್ತದೆ. ಶುಶ್ರೂಷೆಯ ದಾಖಲೆಗೆ ಮುಖ್ಯ ಪ್ರಯೋಜನವು ಇದೇ.

ಇಂಗ್ಲೆಂಡಿನಲ್ಲಿ ಈ ಕಾರ್ಯಕ್ಕೆ ಕ್ರಮಬದ್ಧವಾದ ರೂಪವನ್ನು ಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲರು ಅಗ್ರಗಣ್ಯರು. ಕ್ರಿಮಿಯಾ ಯುದ್ಧಕಾಲದಲ್ಲಿ, 1854ರ ನವೆಂಬರಿನಲ್ಲಿ, ಅವರು ಸ್ಕೂಟಾರಿಯ ಸೈನಿಕಾಸ್ಪತ್ರೆಗೆ ಬಂದಾಗ ಅಲ್ಲಿಯ ಲೆಕ್ಕಪತ್ರಗಳು ಅಸ್ತವ್ಯಸ್ತವಾಗಿದ್ದವು. ಶುಶ್ರೂಷೆಯನ್ನು ಕುರಿತು 1859ರಲ್ಲಿ ರಚಿಸಿದ ಗ್ರಂಥದಲ್ಲಿ ಅವರು ರೋಗಿಯ ನಿರೀಕ್ಷಣೆಗಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟರು. 1860ರಲ್ಲಿ ಲಂಡನ್ನಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಆಸ್ಪತ್ರೆಗಳ ಅಂಕಿಅಂಶಗಳಿಗೆ ಏಕರೂಪದ ನಮೂನೆಯಿರಬೇಕೆಂಬ ಅವರ ಸಲಹೆಯು ಬಂದಿತು. 1968ರಲ್ಲಿ ಅಮೆರಿಕದ ವೈದ್ಯ ಲಾರೆನ್ಸ್ ವೀಡರು ರೋಗಿಯ ಒಂದೊಂದು ತೊಂದರೆಯನ್ನೂ ಶೀರ್ಷಿಕೆಯಾಗಿಟ್ಟು ಬರೆಯುವ ಕ್ರಮವನ್ನು ಪ್ರತಿಪಾದಿಸಿದರು. ಇಂಗ್ಲೆಂಡಿನ 2014ರ ನಿಯಮಾವಳಿಯ 17ನೆಯ ನಿಯಮವಾದರೋ, ಶುಶ್ರೂಷೆ ಪಡೆಯುವ ಪ್ರತಿಯೊಬ್ಬರ ವಿಷಯದಲ್ಲಿಯೂ ನಿಖರವೂ ಪೂರ್ಣವೂ ತತ್ಕಾಲೀನವೂ ಆದ ದಾಖಲೆಯಿರಬೇಕೆಂದು ವಿಧಿಸಿತು.

ದಾಖಲೆಯು ಹೀಗೆ ಬೆಳೆದಂತೆ ಬರೆಯುವವರ ಹೊರೆಯೂ ಬೆಳೆಯಿತು. ಉಣಿಸಿದ ತುತ್ತು, ಕುಡಿಸಿದ ನೀರು, ಮಗ್ಗುಲು ಬದಲಿಸಿದ ವೇಳೆ, ಚರ್ಮದ ಮೇಲೆ ಕಂಡ ಕೆಂಪು, ಇವನ್ನೆಲ್ಲ ಬರೆಯುವ ಹೊತ್ತು ರೋಗಿಗೆ ಸಲ್ಲಬೇಕಾದ ಹೊತ್ತಿನಿಂದಲೇ ಖರ್ಚಾಗುತ್ತದೆ. ಕೃತಕ ಬುದ್ಧಿಯು ಒದಗಿರುವುದು ಈ ಎಡೆಯಲ್ಲಿ. ಪರಿಚಾರಕಿಯು ಮೊಬೈಲ್ ಫೋನಿನಲ್ಲಿ ಹೇಳಿದುದನ್ನು ಯಂತ್ರವು ಅಕ್ಷರಕ್ಕಿಳಿಸಿ, ಆಹಾರ, ನಿದ್ರೆ, ಔಷಧ ಮುಂತಾದ ಶೀರ್ಷಿಕೆಗಳಲ್ಲಿ ವಿಂಗಡಿಸಿ, ಕರಡನ್ನು ಮುಂದಿಡುತ್ತದೆ. ಪರದೇಶದಿಂದ ಬಂದು ಆ ನಾಡಿನ ನುಡಿಯಲ್ಲಿ ಬರೆಯಲು ತಡವರಿಸುವವರಿಗೆ ಇದರಿಂದಾಗುವ ಉಪಕಾರವು ಸಾಮಾನ್ಯವಾದುದಲ್ಲ.

ಆದರೆ ಲಿಪಿಕಾರನಿದ್ದಲ್ಲಿ ಲಿಪಿಕಾರದೋಷವೂ ಉಂಟು. ಓಲೆಯ ಪ್ರತಿಗಳನ್ನು ಶೋಧಿಸುವವರು ತ್ರುಟಿತ, ಪ್ರಕ್ಷಿಪ್ತ ಎಂಬ ಎರಡು ದೋಷಗಳನ್ನು ಬಲ್ಲರು. ತ್ರುಟಿತವು ಎಡೆಬಿಟ್ಟು ತನ್ನನ್ನು ತಾನೇ ತೋರಿಸಿಕೊಡುವುದು. ಪ್ರಕ್ಷಿಪ್ತವು ಛಂದಸ್ಸಿಗೂ ಅನ್ವಯಕ್ಕೂ ಹೊಂದಿಕೊಂಡು ಮೂಲದಂತೆಯೇ ಕುಳಿತಿರುವುದು. ಯಂತ್ರದಲ್ಲಿ ಈ ಎರಡನೆಯ ಬಗೆಯೂ ಕಂಡುಬಂದಿದೆ. ಓಪನ್‌ಎಐ ಸಂಸ್ಥೆಯು 2022ರಲ್ಲಿ ಹೊರತಂದ ವಿಸ್ಪರ್ ಎಂಬ ಧ್ವನಿಲೇಖನ ಸಾಧನವನ್ನು ಪರೀಕ್ಷಿಸಿ, 2024ರಲ್ಲಿ ಅಮೆರಿಕದ ವಿದ್ವಾಂಸರು ಪ್ರಕಟಿಸಿದ ಸಂಶೋಧನೆಯಲ್ಲಿ, ಸುಮಾರು ಶೇಕಡಾ 1ರಷ್ಟು ಧ್ವನಿಖಂಡಗಳ ಬರಹದಲ್ಲಿ ಯಾರೂ ಆಡದ ಪದಪುಂಜಗಳೂ ವಾಕ್ಯಗಳೂ ಸೇರಿದ್ದವು. ಅವುಗಳಲ್ಲಿ ಶೇಕಡಾ 38ರಷ್ಟು, ಹಿಂಸೆಯ ಮಾತು, ಇಲ್ಲದ ಸಂಬಂಧದ ಕಲ್ಪನೆ ಮೊದಲಾದ ಹಾನಿಕರ ಅಂಶಗಳಿಂದ ಕೂಡಿದ್ದವು. ಮೆದುಳಿನ ಆಘಾತದಿಂದಲೋ ಅನ್ಯಕಾರಣದಿಂದಲೋ ಮಾತು ಕೆಟ್ಟವರ ಧ್ವನಿಯಲ್ಲಿ ಈ ಪ್ರಕ್ಷೇಪವು ಹೆಚ್ಚಾಗಿತ್ತು; ಮಾತಿನ ನಡುವಣ ಮೌನವು ದೀರ್ಘವಾದಲ್ಲಿ ಅದಕ್ಕೆ ಅವಕಾಶವೂ ಹೆಚ್ಚಾಗಿತ್ತು. ದಾಖಲೆಯನ್ನು ಯಾರಿಗಾಗಿ ಬರೆಯುವುದೋ ಅವರ ವಿಷಯದಲ್ಲಿಯೇ ಲಿಪಿಕಾರನು ಹೆಚ್ಚು ತಪ್ಪುವನೆಂದಾಯಿತು.

ಒಂದು ಸರದಿಯವರ ಬರಹವು ಮುಂದಿನ ಸರದಿಯವರಿಗೆ ಪ್ರಮಾಣ. 'ಮಾತ್ರೆ ನುಂಗಿದರು' ಎಂಬ ಆಡದ ಮಾತು ಅದರಲ್ಲಿ ಸೇರಿದ್ದರೆ, ಅದನ್ನೋದಿದ ಪರಿಚಾರಕಿಯು ಮತ್ತೆ ಮಾತ್ರೆ ಕೊಡಳು. ತಾನು ನುಂಗಲಿಲ್ಲವೆಂದು ನೆನೆದು ಹೇಳುವ ಶಕ್ತಿಯು ರೋಗಿಗಿಲ್ಲ. ಆದಕಾರಣ ಕಂಡವಳೇ, ನೆನಪು ಮಾಸುವ ಮುನ್ನ, ಹಾಸಿಗೆಯ ಬಳಿಯಲ್ಲಿಯೇ ಕರಡನ್ನೋದಿ ತಿದ್ದಿ ತನ್ನ ಹೆಸರನ್ನು ಹಾಕುವುದೂ, ಅಲ್ಲಿಯವರೆಗೆ ಮೂಲಧ್ವನಿಯನ್ನು ಅಳಿಸದಿರುವುದೂ ಅವಶ್ಯಕ. ಬರೆಯುವ ಶ್ರಮದಲ್ಲಿ ಉಳಿದ ಹೊತ್ತಿನ ಒಂದು ಪಾಲು ಈ ಓದಿಗೆ ಸಲ್ಲತಕ್ಕದ್ದು.