ಮೇಣದ ಮೇಲಿನ ಮೆಟ್ಟಿಲುಗಳು

ವೀಣೆಯ ಚರಿತ್ರೆಯನ್ನು ನಾವು ವೈಣಿಕರ ಹೆಸರುಗಳಲ್ಲಿ ಹೇಳುವುದು ವಾಡಿಕೆ. ಅದನ್ನು ದಂಡಿಯ ಮೇಲೆಯೇ ಓದಬಹುದೆಂದು ನನಗೆ ತೋರುತ್ತದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನಿದ್ದ. ಮರುಶತಮಾನದಲ್ಲಿ, ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಆ ಕಿನ್ನರಿಯನ್ನು ವರ್ಣಿಸಿದ: ದಂಡಿ, ಸೋರೆಬುರುಡೆ, ಮೇಣದಲ್ಲಿ ಕೂರಿಸಿದ ಮೆಟ್ಟಿಲುಗಳು. ಅರ್ಜುನ ಜೋಗಿಯ ಕಥೆ ಹಾಡುವ ನಮ್ಮ ಜೋಗಿಗಳ ಕೈಯಲ್ಲಿಯೂ ಕಿನ್ನರಿಯೇ ಇತ್ತು.

ಚಿತ್ರದುರ್ಗವೂ ಒಳಗಾಗಿದ್ದ ವಿಜಯನಗರ ರಾಜ್ಯದಲ್ಲಿ, 1550ರಲ್ಲಿ, ರಾಮಾಮಾತ್ಯನು ‘ಸ್ವರಮೇಳಕಲಾನಿಧಿ’ಯನ್ನು ಬರೆದ. ಅದರಲ್ಲಿ ವೀಣೆಯ ಮೆಟ್ಟಿಲುಗಳಿಗೆ ಎರಡು ಬಗೆಯ ಜೋಡಣೆಯುಂಟು. ಹಿಡಿದ ರಾಗಕ್ಕೆ ಬೇಕಾದಷ್ಟನ್ನೇ ಕೂರಿಸುವುದು ಒಂದು; ಎಲ್ಲ ರಾಗಗಳಿಗೂ ಒದಗುವಂತೆ ಕೂರಿಸುವುದು ಇನ್ನೊಂದು. ಗೆದ್ದದ್ದು ಎರಡನೆಯದು. ಸ್ಥಾಯಿಗೆ 12ರಂತೆ 24 ಮೆಟ್ಟಿಲುಗಳು ನೆಲೆನಿಂತವು. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನಲ್ಲಿ ವೆಂಕಟಮಖಿ 72 ಮೇಳಗಳನ್ನು ಎಣಿಸಿದ್ದು ಈ ಹನ್ನೆರಡು ಸ್ಥಾನಗಳ ಆಧಾರದಿಂದಲೇ. ಇಂದಿಗೂ ಮೆಟ್ಟಿಲು ಕೂರಿಸುವ ಕೆಲಸಕ್ಕೆ ‘ಮೇಳ ಕಟ್ಟುವುದು’ ಎಂದೇ ಹೆಸರು. ಶಾಸ್ತ್ರದ ಮಾತು, ಕಸುಬಿನ ಮಾತು ಎರಡೂ ಒಂದೇ!

ಹಾಗಾದರೆ ರಾಗದ ನವುರು ಹನ್ನೆರಡು ಮನೆಗಳಲ್ಲಿ ಸೆರೆಯಾಯಿತೇ? ಇಲ್ಲ. ದಂಡಿಯ ಎರಡೂ ಅಂಚಿನಲ್ಲಿ ಕಪ್ಪು ಮೇಣದ ದಿಂಡು. ಅದರ ಮೇಲೆ ಅಡ್ಡಲಾಗಿ ಎತ್ತರಿಸಿದ ಲೋಹದ ಮೆಟ್ಟಿಲು. ಆ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆಳೆದರೆ, ಒಂದೇ ಮನೆಯಲ್ಲಿ ಹಲವು ಸ್ವರಗಳು ಹುಟ್ಟುತ್ತವೆ. ಮೆಟ್ಟಿಲು ಕಟ್ಟಿಹಾಕಿದ್ದನ್ನು ಬೆರಳು ಬಿಡಿಸಿತು.

ಗಿಟಾರಿನ ಮೆಟ್ಟಿಲುಗಳ ಅಂತರವನ್ನು ಲೆಕ್ಕ ಹಾಕಿ, ಮರದಲ್ಲಿ ಸೀಳು ಕೊರೆದು, ತಂತಿಯನ್ನು ಬಡಿದು ಕೂರಿಸುತ್ತಾರೆ. ವೀಣೆಯ ಮೇಣವೋ ಬಿಸಿಲಿಗೆ ಮೆತ್ತಗಾಗುತ್ತದೆ, ವರ್ಷ ಕಳೆದಂತೆ ಸಡಿಲುತ್ತದೆ, ಸ್ವರ ಜಾರುತ್ತದೆ. ಆಗ ಕುಶಲಿಯೊಬ್ಬ ಕುಳಿತು, ಒಂದೊಂದು ಮೆಟ್ಟಿಲನ್ನೂ ಮೀಟಿ ಕೇಳಿ, ಹೊಸದಾಗಿ ಮೇಳ ಕಟ್ಟಬೇಕು. ಇದನ್ನು ವಾದ್ಯದ ದೌರ್ಬಲ್ಯವೆನ್ನುವವರಿದ್ದಾರೆ. ಬಲ್ಲ ಕಿವಿಯೊಂದು ತಲೆಮಾರಿನಿಂದ ತಲೆಮಾರಿಗೆ ಉಳಿದು ಬಂದದ್ದು ಈ ದೌರ್ಬಲ್ಯದಿಂದಲೇ ಎಂದು ನಾನು ನಂಬಿದ್ದೇನೆ.