ಗಣಿಯ ಆಸ್ಪತ್ರೆ

ಕಟ್ಟಡಕ್ಕೆ ತನ್ನದೆಂಬ ಧರ್ಮವಿಲ್ಲ. ಅದರೊಳಗೆ ನಡೆಯುವ ಕಾಯಕವೇ ಅದರ ಧರ್ಮ. ಕೋಲಾರದ ಚಿನ್ನದ ಗಣಿಗಳ ಆಸ್ಪತ್ರೆಯನ್ನು ನೆನೆದಾಗ ಈ ಮಾತು ಸ್ಪಷ್ಟವಾಗುತ್ತದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆಯನ್ನು ಆರಂಭಿಸಿತು. ಅಂದು ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ 1894ರಲ್ಲಿ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕಿಳಿಯಿತು. ಜಗತ್ತು ಹೊನ್ನನ್ನು ಕಂಡಿತು. ಕಾರ್ಮಿಕನ ಎದೆಗೂಡಿನಲ್ಲಿ ನಿಂತ ಕಲ್ಲಿನ ಧೂಳನ್ನು ಕಂಡದ್ದು ಆಸ್ಪತ್ರೆ. 1940-46ರ ಅವಧಿಯಲ್ಲಿ 7653 ಮಂದಿಯನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗೂ ಮೀರಿ ಸಿಲಿಕೋಸಿಸ್ ಕಂಡುಬಂದಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದರೊಡನೆ ಆಸ್ಪತ್ರೆಯ ಬಾಗಿಲೂ ಮುಚ್ಚಿತು.

ತೆರವಾದ ಆಸ್ಪತ್ರೆಗಳ ಗತಿಯೇನು? ಅಮೆರಿಕದ ಪೆನ್ಸಿಲ್ವೇನಿಯಾದ ಕ್ರೆಸನ್ ಎಂಬಲ್ಲಿ, ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯವರು ದಾನವಿತ್ತ ನೆಲದಲ್ಲಿ 1913ರಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವೊಂದು ತೆರೆಯಿತು. ಮುಂದೆ ಅದು ಬುದ್ಧಿಮಾಂದ್ಯರ ಆರೈಕೆಯ ತಾಣವಾಯಿತು. 1987ರಲ್ಲಿ ಅದೇ ಆವರಣವು ಮಧ್ಯಮ ಭದ್ರತೆಯ ಪುರುಷರ ಸೆರೆಮನೆಯಾಯಿತು. ಸಾಲು ಕೊಠಡಿಗಳು, ದೊಡ್ಡ ಪಾಕಶಾಲೆ, ವಿಶಾಲವಾದ ಅಂಗಳ ಎಲ್ಲವೂ ಸಿದ್ಧವಾಗಿದ್ದವು.  ತೀವ್ರ ಮನೋರೋಗವುಳ್ಳ ಬಂದಿಗಳನ್ನು ಅಲ್ಲಿ ದೀರ್ಘಕಾಲ ಒಂಟಿ ಕೋಣೆಗಳಲ್ಲಿ ಇರಿಸುತ್ತಿದ್ದರೆಂದೂ ಅದು ಸಂವಿಧಾನಕ್ಕೆ ವಿರುದ್ಧವೆಂದೂ 2013ರಲ್ಲಿ ಆ ದೇಶದ ನ್ಯಾಯ ಇಲಾಖೆಯೇ ಸಾರಿತು. ಅದೇ ವರ್ಷ ಸೆರೆಮನೆ ಮುಚ್ಚಿತು. ರೋಗಿಯನ್ನು ಸಂತೈಸಿದ್ದ ನೆಲದಲ್ಲೇ ರೋಗಿ ದಂಡನೆಗೆ ಗುರಿಯಾದನು.

ಸೆರೆಮನೆಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಬಂದಿಯೂ ಮಾನವನೇ, ದಯೆಯಿದ್ದಲ್ಲಿ ಸೆರೆಮನೆಯೂ ಮನಸ್ಸಿನ ಚಿಕಿತ್ಸಾಲಯವಾಗಬಲ್ಲದು. ದಯೆ ಹೊರಟುಹೋದರೆ ಮಾತ್ರ ಆಸ್ಪತ್ರೆಯ ಗೋಡೆಯೂ ಬರಿಯ ಗೋಡೆ.

ನಮ್ಮ ಗಣಿಯ ಆಸ್ಪತ್ರೆಗೆ ಬೇರೊಂದು ಭಾಗ್ಯ ಒದಗಿತು. 2021ರಲ್ಲಿ ಕೋವಿಡ್ ವ್ಯಾಧಿಯಿಂದ ಜನ ಉಸಿರಿಗಾಗಿ ಪರದಾಡುತ್ತಿದ್ದಾಗ, ಎರಡು ದಶಕಗಳಿಂದ ಪಾಳುಬಿದ್ದಿದ್ದ ಆ ಕಟ್ಟಡವನ್ನು ಸ್ವಯಂಸೇವಕರು ಗುಡಿಸಿ ತೊಳೆದರು. ಕೆಲವೇ ವಾರಗಳಲ್ಲಿ ಹಾಸಿಗೆಗಳು ಮರಳಿ ಸಾಲುಗೊಂಡವು. ತಂದೆ ತಾತಂದಿರು ಧೂಳು ತುಂಬಿದ ಎದೆಯೊಡನೆ ಬಂದ ಸೂರಿನಡಿಗೆ ಮಕ್ಕಳು ಮೊಮ್ಮಕ್ಕಳು ಉಸಿರನ್ನರಸಿ ಬರುವಂತಾಯಿತು.

ಪೊರಕೆ ಹಿಡಿದ ಆ ಕೈಗಳ ಕಾಯಕವೇ ದಾಸೋಹ. ಗಣಿಯ ಹೊನ್ನು ಎಲ್ಲಿಗೋ ಹೋಯಿತು. ಅದನ್ನು ತೆಗೆದವರ ಎದೆಯ ಋಣ ಮಾತ್ರ ನಮ್ಮ ಮೇಲಿದೆ. ಆ ಋಣವನ್ನು ತೀರಿಸುವ ಸ್ಥಳಕ್ಕೆ ಮತ್ತೆ ಬೀಗ ಬೀಳದಂತೆ ನೋಡಿಕೊಳ್ಳುವುದು ಎಲ್ಲರ ಹೊಣೆ.