ಚಿಕಾಗೋದ ಗುಂಪುಗಳೂ ಒಂದು ಖಾತೆ ಪುಸ್ತಕವೂ

ಚಿಕಾಗೋ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು 1893ರ ಸರ್ವಧರ್ಮ ಸಮ್ಮೇಳನ ಮತ್ತು ಸ್ವಾಮಿ ವಿವೇಕಾನಂದರು. ನಮ್ಮ ಮಕ್ಕಳಿಗೆ ನೆನಪಾಗುವುದು ಉದ್ದನೆಯ ಕೋಟು, ಓರೆಯಾಗಿಟ್ಟ ಹ್ಯಾಟು, ಕಾರಿನ ಕಿಟಕಿಯಿಂದ ಚಾಚಿದ ಬಂದೂಕು. ಇದಕ್ಕೆ ಮುಖ್ಯ ಕಾರಣ, ಅಮೆರಿಕದ ಟೆಲಿವಿಷನ್ನಿನಲ್ಲಿ 1959ರಿಂದ 1963ರವರೆಗೆ ನಡೆದ ‘ದಿ ಅನ್‌ಟಚಬಲ್ಸ್’ ಎಂಬ ಧಾರಾವಾಹಿ, ಆಮೇಲೆ 1987ರಲ್ಲಿ ಅದೇ ಹೆಸರಿನಿಂದ ಬಂದ ಚಲನಚಿತ್ರ. ನಮ್ಮ ದೇಶದವರ ಕಿವಿಗೆ ಆ ಹೆಸರು ಬೇರೆಯೇ ಅರ್ಥ ಕೊಡುತ್ತದೆ. ಅಲ್ಲಿ ಅದರ ಅರ್ಥ ಲಂಚ ಮುಟ್ಟದವರು ಎಂದಷ್ಟೆ.

ಧಾರಾವಾಹಿಯ ಪ್ರಕಾರ ಎಲಿಯಟ್ ನೆಸ್ ಎಂಬ ಧೀರ ಅಧಿಕಾರಿಯೂ ಅವನ ಸಂಗಡಿಗರೂ ಪುಂಡರ ಗುಂಪುಗಳನ್ನು ಬಂದೂಕಿನ ಬಲದಿಂದ ಬಗ್ಗುಬಡಿದರು. ಚರಿತ್ರೆ ಹೇಳುವುದು ಬೇರೆ. ಸರಕಾರಿ ಕಡತಗಳ ನಡುವೆ ಆಯುಷ್ಯ ಸವೆಸುತ್ತಿರುವ ನಮ್ಮಂಥವರಿಗೆ ಆ ಬೇರೆಯ ಕಥೆಯೇ ಹೆಚ್ಚು ರುಚಿಸಿದರೆ ಓದುಗರು ತಪ್ಪು ತಿಳಿಯಬಾರದು.

1920ರ ಜನವರಿ 17ರಂದು ಅಮೆರಿಕದಾದ್ಯಂತ ಪಾನನಿರೋಧ ಜಾರಿಗೆ ಬಂತು. ಮದ್ಯವನ್ನು ತಯಾರಿಸುವುದು, ಮಾರುವುದು, ಸಾಗಿಸುವುದು ಅಪರಾಧವಾಯಿತು. ಆದರೆ ಕುಡಿಯುವುದು ಅಪರಾಧವಾಗಲಿಲ್ಲ! ಕಾನೂನು ಮಾಡಿದವರು ಗಿರಾಕಿಯನ್ನು ಉಳಿಸಿ ಅಂಗಡಿಯನ್ನು ಮಾತ್ರ ಮುಚ್ಚಿದರು. ಸುಮಾರು 27 ಲಕ್ಷ ಜನರಿದ್ದ ಚಿಕಾಗೋದಲ್ಲಿ ಆ ಅಂಗಡಿಯನ್ನು ಹಿಂಬಾಗಿಲಿನಿಂದ ನಡೆಸಲು ಪುಂಡರು ಸಿದ್ಧರಾಗಿ ನಿಂತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಅಲ್ ಕಪೋನ್ ಎಂಬ ತರುಣನಿಗೆ ಸರಿಯಾಗಿ ಅದೇ ದಿನ 21 ವರ್ಷ ತುಂಬಿತು. ಸರಕಾರವೇ ಅವನಿಗೆ ಹುಟ್ಟುಹಬ್ಬದ ಉಡುಗೊರೆ ಕೊಟ್ಟಂತಾಯಿತು.

ನಗರದ ದಕ್ಷಿಣ ಭಾಗ ಜಾನಿ ಟೊರಿಯೊ ಎಂಬವನ ಕೈಯಲ್ಲಿತ್ತು. ಕಪೋನ್ ಅವನ ಬಲಗೈ. ಉತ್ತರ ಭಾಗ ಐರಿಷ್ ಮೂಲದ ಡೀನ್ ಒಬ್ಯಾನಿಯನ್ನನದು. ಟೊರಿಯೊ ವ್ಯಾಪಾರಿ ಮನುಷ್ಯ. ಗಡಿ ಹಾಕಿಕೊಂಡು ಅವರವರ ಪಾಲನ್ನು ಅವರವರು ತಿಂದರೆ ಎಲ್ಲರಿಗೂ ಲಾಭ ಎಂಬುದು ಅವನ ಲೆಕ್ಕ. ನಾಲ್ಕು ವರ್ಷ ಈ ಲೆಕ್ಕ ಹೇಗೋ ನಡೆಯಿತು. ಒಬ್ಯಾನಿಯನ್ನನಿಗೆ ಹೂವಿನ ಅಂಗಡಿಯೊಂದಿತ್ತು, ದೊಡ್ಡ ಚರ್ಚಿನ ಎದುರಿಗೆ. 1924ರ ನವೆಂಬರ್ 10ರಂದು ಅಲ್ಲಿಗೆ ಬಂದವರು ಕೈಕುಲುಕುವ ನೆಪದಲ್ಲಿ ಅವನನ್ನು ಹಿಡಿದು ಗುಂಡಿಕ್ಕಿದರು. ಎರಡು ತಿಂಗಳಲ್ಲಿ ಟೊರಿಯೊಗೂ ಗುಂಡೇಟು ಬಿತ್ತು. ಬದುಕಿಕೊಂಡ ಅವನು ಯಜಮಾನಿಕೆಯನ್ನು ಕಪೋನನಿಗೊಪ್ಪಿಸಿ ಊರು ಬಿಟ್ಟ. ಆಮೇಲಿನದು ಸೇಡಿಗೆ ಸೇಡು. ಅದು ಮುಗಿಲಿಗೇರಿದ್ದು 1929ರ ಫೆಬ್ರವರಿ 14ರಂದು. ಪೊಲೀಸ್ ಸಮವಸ್ತ್ರ ತೊಟ್ಟವರೂ ಇದ್ದ ತಂಡವೊಂದು ಉತ್ತರದವರ ಗ್ಯಾರೇಜಿಗೆ ನುಗ್ಗಿ, ಏಳು ಜನರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಕೊಂದಿತು. ಆ ಗುಂಪಿನ ನಾಯಕ ಬಗ್ಸ್ ಮೊರಾನ್ ಬರುವುದು ತಡವಾದುದರಿಂದ ಉಳಿದ. ಆ ಏಳು ಕೊಲೆಗಳಿಗಾಗಿ ಇಂದಿನವರೆಗೆ ಒಬ್ಬನಿಗೂ ಶಿಕ್ಷೆಯಾಗಿಲ್ಲ. ಸಾಕ್ಷಿ ಹೇಳುವವರಾರು? ಹೇಳಿದರೂ ಅದನ್ನು ಬರೆದುಕೊಳ್ಳಬೇಕಾದ ಪೊಲೀಸರಲ್ಲೇ ಅನೇಕರು ಗುಂಪುಗಳ ಸಂಬಳ ತಿನ್ನುತ್ತಿದ್ದರು.

ಇಲ್ಲಿಂದ ಮುಂದೆ ಬಂದೂಕು ಹಿಂದೆ ಸರಿದು ಲೇಖನಿ ಮುಂದೆ ಬರುತ್ತದೆ.

ಸಲಿವನ್ ಎಂಬ ಕಳ್ಳಮದ್ಯದ ವ್ಯಾಪಾರಿಯೊಬ್ಬನ ಖಟ್ಲೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1927ರಲ್ಲಿ ಒಂದು ತೀರ್ಪು ಕೊಟ್ಟಿತ್ತು: ಕಾನೂನುಬಾಹಿರ ಗಳಿಕೆಗೂ ಆದಾಯ ತೆರಿಗೆ ಕೊಡಲೇಬೇಕು. ಕಳ್ಳನಾದವನು ತನ್ನ ಕಳ್ಳತನದ ವರಮಾನವನ್ನು ತಾನೇ ಬರೆದು ಒಪ್ಪಿಸಬೇಕೆಂಬುದು ನಗೆಪಾಟಲಿನ ಮಾತಾಗಿ ಕಂಡೀತು. ಆದರೆ ಸರಕಾರಕ್ಕೆ ಸಿಕ್ಕಿದ ಅಸ್ತ್ರ ಅದೇ. ತೆರಿಗೆ ಇಲಾಖೆ ಫ್ರಾಂಕ್ ವಿಲ್ಸನ್ ಎಂಬ ಅಧಿಕಾರಿಯನ್ನು ಕಪೋನನ ಬೆನ್ನಿಗೆ ಬಿಟ್ಟಿತು. ಕಪೋನನ ಹೆಸರಿನಲ್ಲಿ ಬ್ಯಾಂಕ್ ಖಾತೆಯಿಲ್ಲ. ಅವನು ಚೆಕ್ಕಿಗೆ ರುಜು ಹಾಕುವವನಲ್ಲ, ಎಲ್ಲವೂ ನಗದು. ವಿಲ್ಸನ್ ಅಂಗಡಿ ಅಂಗಡಿ ಅಲೆದು, ಅವನು ಕೊಂಡ ಅಂಗಿ, ಪೀಠೋಪಕರಣ, ಹೋಟೆಲ್ ಬಿಲ್ಲುಗಳ ಲೆಕ್ಕ ಕೂಡಿಸತೊಡಗಿದ. ವರಮಾನವಿಲ್ಲದವನಿಗೆ ಈ ಖರ್ಚು ಎಲ್ಲಿಂದ ಬಂತೆಂಬುದು ಪ್ರಶ್ನೆ.

ಅಷ್ಟು ಸಾಲದು. 1926ರಲ್ಲಿ ಮೆಕ್‌ಸ್ವಿಗ್ಗಿನ್ ಎಂಬ ತರುಣ ಸರಕಾರಿ ವಕೀಲನ ಕೊಲೆಯಾದಾಗ ಊರೆಲ್ಲ ರೇಗಿ, ಪೊಲೀಸರು ಕಪೋನನ ಜೂಜುಕಟ್ಟೆಗಳ ಮೇಲೆ ದಾಳಿ ಮಾಡಿ ಸಿಕ್ಕಿದ್ದನ್ನೆಲ್ಲ ಹೊತ್ತು ತಂದಿದ್ದರು. ಅದರಲ್ಲಿದ್ದ ಖಾತೆ ಪುಸ್ತಕವನ್ನು ಯಾರೂ ಬಿಚ್ಚಿ ನೋಡದೆ, ಅದು ನಾಲ್ಕು ವರ್ಷ ಬೀರುವಿನಲ್ಲಿ ಧೂಳು ತಿನ್ನುತ್ತಿತ್ತು. (ಇಂಥ ಬೀರುಗಳು ಯಾವ ದೇಶದ ಕಚೇರಿಯಲ್ಲಿಲ್ಲ!) 1930ರಲ್ಲಿ ವಿಲ್ಸನ್ ಹಳೆಯ ಕಾಗದಗಳನ್ನು ಕೆದಕುವಾಗ ಅದು ಕೈಗೆ ಬಂತು. ಲಾಭ ಹಂಚಿದ ವಿವರವೆಲ್ಲ ಅದರಲ್ಲಿತ್ತು. ಬರೆದವರಾರು? ಬ್ಯಾಂಕಿನ ಚೀಟಿಯೊಂದರ ಕೈಬರಹದೊಡನೆ ಹೋಲಿಸಿ, ಅದು ಲೆಸ್ಲಿ ಶಮ್ವೇ ಎಂಬ ಗುಮಾಸ್ತನದೆಂದು ಗುರುತಿಸಿದರು. ಫ್ಲಾರಿಡಾದಲ್ಲಿ ನೆಲೆಸಿದ್ದ ಅವನನ್ನು ಹುಡುಕಿ ತೆಗೆದು, ಖಟ್ಲೆಯ ತನಕ ಜೀವಂತ ಉಳಿಸಿಕೊಳ್ಳಲು ಬಚ್ಚಿಡಬೇಕಾಯಿತು. ಇದರ ಜೊತೆಗೆ ಕಪೋನನ ವಕೀಲನೇ ರಾಜಿಯಾದೀತೆಂಬ ಆಸೆಯಿಂದ, ತನ್ನ ಕಕ್ಷಿಗಾರನಿಗೆ ಇಂತಿಷ್ಟು ವರಮಾನವಿತ್ತೆಂದು ಇಲಾಖೆಗೆ ಕಾಗದ ಬರೆದುಕೊಟ್ಟಿದ್ದ. ನ್ಯಾಯಾಲಯದಲ್ಲಿ ಅದೂ ಅವನ ಕೊರಳಿಗೇ ಸುತ್ತಿಕೊಂಡಿತು.

1931ರ ಅಕ್ಟೋಬರಿನಲ್ಲಿ ವಿಚಾರಣೆ. ಜ್ಯೂರಿಗಳನ್ನು ಕಪೋನನ ಕಡೆಯವರು ಮೊದಲೇ ಕೊಂಡಿದ್ದಾರೆಂಬ ಸುಳಿವು ಸಿಕ್ಕಿ, ನ್ಯಾಯಾಧೀಶ ವಿಲ್ಕರ್‌ಸನ್ ಕೊನೆಯ ಗಳಿಗೆಯಲ್ಲಿ ಇನ್ನೊಂದು ನ್ಯಾಯಾಲಯದ ಜ್ಯೂರಿ ಪಟ್ಟಿಯನ್ನು ತರಿಸಿಕೊಂಡರು. ಅಕ್ಟೋಬರ್ 17ರಂದು ಐದು ಆರೋಪಗಳು ಸಿದ್ಧವಾದವು. ಶಿಕ್ಷೆ 11 ವರ್ಷ ಸೆರೆ, 50,000 ಡಾಲರ್ ದಂಡ. ನೆಸ್ ತಂಡ ಭಟ್ಟಿಗಳನ್ನು ಒಡೆದು ಕಪೋನನ ಆದಾಯಕ್ಕೆ ಪೆಟ್ಟು ಕೊಟ್ಟದ್ದು ನಿಜ, ಸಾವಿರಾರು ಪಾನನಿರೋಧ ಅಪರಾಧಗಳ ಆರೋಪಪಟ್ಟಿ ಸಿದ್ಧಪಡಿಸಿದ್ದೂ ನಿಜ. ಆದರೆ ಅದು ವಿಚಾರಣೆಗೇ ಬರಲಿಲ್ಲ. ನೆಸ್ 1957ರಲ್ಲಿ ತೀರಿಕೊಂಡ ಮೇಲೆ, ಆಸ್ಕರ್ ಫ್ರೇಲಿ ಎಂಬ ಪತ್ರಕರ್ತನೊಡನೆ ಅವನು ಬರೆದ ಪುಸ್ತಕ ಪ್ರಕಟವಾಯಿತು. ಧಾರಾವಾಹಿ ಹುಟ್ಟಿದ್ದು ಅದರಿಂದ. ಚಲನಚಿತ್ರವಂತೂ ಫ್ರಾಂಕ್ ನಿಟ್ಟಿ ಎಂಬ ಪುಂಡನನ್ನು ನೆಸ್ ಮಾಳಿಗೆಯಿಂದ ತಳ್ಳಿ ಕೊಂದಂತೆ ತೋರಿಸುತ್ತದೆ. ನಿಟ್ಟಿ 1943ರಲ್ಲಿ ತಾನೇ ಗುಂಡು ಹಾರಿಸಿಕೊಂಡು ಸತ್ತವನು. ಖಾತೆ ಪುಸ್ತಕ ತಿರುವುವ ವಿಲ್ಸನ್ನನನ್ನು ತೋರಿಸಿದರೆ ಯಾರು ನೋಡುತ್ತಾರೆ ಎಂದು ಕೇಳುವವರಿಗೆ ನಮ್ಮಲ್ಲಿ ಉತ್ತರವಿಲ್ಲ; ನಾವಂತೂ ನೋಡುತ್ತಿದ್ದೆವು.

ಪಾನನಿರೋಧ 1933ರ ಡಿಸೆಂಬರ್ 5ರಂದು ರದ್ದಾಯಿತು. ಗುಂಪುಗಳು ರದ್ದಾಗಲಿಲ್ಲ. ಮದ್ಯ ಬಿಟ್ಟು ಜೂಜು, ಕಾರ್ಮಿಕ ಸಂಘಗಳ ಕಡೆಗೆ ಹೊರಳಿದವು. ಮುಂಬಯಿ ಪ್ರಾಂತದ 1949ರ ಪಾನನಿರೋಧ ಕಾಯಿದೆ, ಆಗ ಆ ಪ್ರಾಂತಕ್ಕೇ ಸೇರಿದ್ದ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಗೂ ಅನ್ವಯಿಸುತ್ತಿತ್ತು. ಪರವಾನೆ ಚೀಟಿ, ಕಳ್ಳಭಟ್ಟಿ ಮುಂತಾದ ಮಾತುಗಳು ನಮ್ಮ ಮನೆಗಳ ಹಿರಿಯರಿಗೆ ಹೊಸತೇನಲ್ಲ.

ಜ್ಯೂರಿಯ ಸುಳಿವು ಕೊಟ್ಟವನು ಎಡ್ವರ್ಡ್ ಒಹೇರ್ ಎಂಬ ವಕೀಲ, ಕಪೋನನ ವ್ಯವಹಾರದಲ್ಲೇ ಪಾಲುದಾರನಾಗಿದ್ದವನು. ರೋಗದಿಂದ ಬುದ್ಧಿ ಮಂಕಾದ ಕಪೋನ್ 1939ರ ನವೆಂಬರ್ 16ರಂದು ಸೆರೆಯಿಂದ ಹೊರಬಿದ್ದ. ಅದಕ್ಕೆ ಎಂಟು ದಿನ ಮುಂಚೆ ಒಹೇರನನ್ನು ಅವನ ಕಾರಿನಲ್ಲೇ ಗುಂಡಿಟ್ಟು ಕೊಂದಿದ್ದರು. ಅವನ ಮಗ ನೌಕಾಪಡೆಯ ವಿಮಾನಚಾಲಕನಾಗಿ ಎರಡನೆಯ ಮಹಾಯುದ್ಧದಲ್ಲಿ ಪರಾಕ್ರಮ ತೋರಿ 1943ರಲ್ಲಿ ಮಡಿದ. ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮವರು ಚಿಕಾಗೋದಲ್ಲಿ ಇಳಿಯುವ ಒಹೇರ್ ವಿಮಾನ ನಿಲ್ದಾಣಕ್ಕೆ 1949ರಲ್ಲಿ ಇಟ್ಟದ್ದು ಆ ಮಗನ ಹೆಸರನ್ನು.